ಕಿವಿ ಕೇಳದ ಹುಡುಗ, ಮಂಕಾಗುವ ನಕ್ಷತ್ರ

ಈ ಸಲದ ವಾರ್ಷಿಕ ಸಂಚಿಕೆಗೆ ನೀವೂ ಒಬ್ಬ ದೊಡ್ಡವರ ಜೀವನದ ಬಗ್ಗೆ ಬರೀಲೇಬೇಕು ಅಂತ ನಮ್ಮ ವೇದಿಕೆಯ ಸಂಪಾದಕರು ಮೂರು ಸಲ ಫೋನ್ ಮಾಡಿದರು. ವಿಶ್ವೇಶ್ವರಯ್ಯನವರು, ಕಿತ್ತೂರು ಚೆನ್ನಮ್ಮ, ಅಣ್ಣಾವ್ರು ಎಲ್ಲರೂ ಹಿಂದಿನ ಸಂಚಿಕೆಗಳಲ್ಲಿ ಬಂದು ಹೋಗಿದ್ದಾರೆ. ನಾನು ಐಟಿಐ ಪಾಸಾದ ಎಲೆಕ್ಟ್ರಿಷಿಯನ್. ಬರೆದು ರೂಢಿ ಇರೋದು ಲಾಗ್ ಬುಕ್ ಮಾತ್ರ. ಆದರೆ ಒಬ್ಬ ಹುಡುಗನ ಕತೆ ನಾಲ್ಕೈದು ವರ್ಷದಿಂದ ನನ್ನ ತಲೆಯಲ್ಲಿ ಕೂತಿದೆ. ಅವನೂ ಒಂದು ಥರ ಲಾಗ್ ಬುಕ್ ಬರೆದವನೇ. ಇಪ್ಪತ್ತೊಂದನೇ ವಯಸ್ಸಿಗೆ ತೀರಿಹೋದ. ಹೆಸರು ಜಾನ್ ಗುಡ್‌ರಿಕ್. ಖಗೋಳ ಓದಿದವರಿಗೆಲ್ಲ ಗೊತ್ತಿರೋ ಹೆಸರು, ನಮ್ಮಂಥವರಿಗೆ ಗೊತ್ತಿಲ್ಲ ಅಷ್ಟೇ.

ಇವನ ಪರಿಚಯ ನನಗಾದದ್ದು ಇಲ್ಲಿ, ಒಮಾನಿನ ಒಳನಾಡಿನ ಸೈಟಿನಲ್ಲಿ. ಜನರೇಟರ್ ಮನೆಯಲ್ಲಿ ನೈಟ್ ಶಿಫ್ಟ್. ಪ್ರತಿ ಗಂಟೆಗೊಮ್ಮೆ ರೀಡಿಂಗ್ ಬರೆದುಕೊಂಡರೆ ಉಳಿದ ಹೊತ್ತು ಹೊರಗೆ ಕುರ್ಚಿ ಹಾಕಿಕೊಂಡು ಕೂರೋದು. ಸುತ್ತ ಮರಳು, ಮೇಲೆ ಊರಲ್ಲಿ ಯಾವತ್ತೂ ಕಾಣದಷ್ಟು ನಕ್ಷತ್ರ. ನಮ್ಮ ಕ್ಯಾಂಪಿನ ಒಮಾನಿ ಡ್ರೈವರ್ ಒಬ್ಬರು ವಯಸ್ಸಾದವರು, ಬಹಳ ನಕ್ಷತ್ರಗಳ ಹೆಸರು ಬಲ್ಲವರು. ಒಂದು ರಾತ್ರಿ ಈಶಾನ್ಯದ ಕಡೆ ಕೈ ತೋರಿಸಿ, ಅದು ರಾಸ್ ಅಲ್ ಗೂಲ್, ಅಂದರೆ ಗೂಲ್ ಎಂಬ ಪಿಶಾಚಿಯ ತಲೆ ಅಂದರು. ಇಂಗ್ಲಿಷಿನವರು ಅದನ್ನೇ ಆಲ್ಗಾಲ್ ಮಾಡಿಕೊಂಡಿದ್ದಾರೆ. ಪರ್ಸಿಯಸ್ ಎಂಬ ನಕ್ಷತ್ರಪುಂಜದಲ್ಲಿದೆ. ಕನ್ನಡದ ನಕ್ಷತ್ರ ಪುಸ್ತಕಗಳಲ್ಲಿ ಆ ಪುಂಜಕ್ಕೆ ಪಾರ್ಥ ಅಂತ ಹೆಸರು. ಪಾರ್ಥನ ಕೈಯಲ್ಲಿ ಪಿಶಾಚಿಯ ತಲೆ ಯಾಕೆ ಬಂತು ಅಂತ ಮೊಬೈಲಿನಲ್ಲಿ ಹುಡುಕಲು ಹೋದೆ, ಗುಡ್‌ರಿಕ್ ಸಿಕ್ಕಿದ.

ಅವನ ಬಗ್ಗೆ ಓದಿದ ಮೊದಲನೇ ಸಾಲೇ ನನ್ನನ್ನು ಹಿಡಿದು ನಿಲ್ಲಿಸಿತು. ಎಳೆ ವಯಸ್ಸಿನಲ್ಲಿ ಕಾಯಿಲೆ ಬಂದು ಎರಡೂ ಕಿವಿ ಹೋದವು ಅಂತ ಬರೆದಿತ್ತು. ನನ್ನ ತಮ್ಮನಿಗೂ ಹಾಗೇ ಆದದ್ದು. ಮೂರನೇ ವರ್ಷದಲ್ಲಿ ಜ್ವರ ಬಂತು, ಜ್ವರ ಇಳಿಯಿತು, ಕಿವಿ ವಾಪಸ್ ಬರಲಿಲ್ಲ. ಅವನ ವಿಷಯ ಆಮೇಲೆ ಹೇಳ್ತೀನಿ.

ಗುಡ್‌ರಿಕ್ ಹುಟ್ಟಿದ್ದು 1764ರ ಸೆಪ್ಟೆಂಬರ್ 17ರಂದು, ಹಾಲೆಂಡಿನ ಗ್ರೋನಿಂಗೆನ್ ಊರಿನಲ್ಲಿ. ತಂದೆ ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆಯ ದೊಡ್ಡ ಮನೆತನದವರು, ತಾತನಿಗೆ ಸರ್ ಪದವಿ ಇತ್ತು. ಇದನ್ನು ಮುಚ್ಚಿಟ್ಟು ಬರೆಯೋದು ಸರಿಯಲ್ಲ. ಆ ಕಾಲದಲ್ಲಿ ಕಿವಿ ಕೇಳದ ಬಡವರ ಮಗನಿಗೆ ಅಕ್ಷರ ಕಲಿಸೋರು ಯಾರೂ ಇರಲಿಲ್ಲ. ಮಾತು ಬರದಿದ್ದರೆ ಬುದ್ಧಿಯೂ ಇಲ್ಲ ಅಂತಲೇ ಜನ ತಿಳಿದಿದ್ದರು. ಈಗಲೂ ನಮ್ಮ ಕಡೆ ಎಷ್ಟೋ ಜನ ಹಾಗೇ ತಿಳಿದಿದ್ದಾರೆ ಬಿಡಿ. ಇವನ ಮನೆಯವರ ಕೈಯಲ್ಲಿ ಹಣ ಇತ್ತು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಥಾಮಸ್ ಬ್ರೈಡ್‌ವುಡ್ ಎಂಬ ಮೇಷ್ಟ್ರು 1760ರಲ್ಲಿ ಕಿವುಡ ಮಕ್ಕಳಿಗಾಗಿ ಶಾಲೆ ತೆರೆದಿದ್ದರು. ಬ್ರಿಟನ್ನಿನಲ್ಲಿ ಅಂಥ ಶಾಲೆ ಅದೇ ಮೊದಲು. ಹುಡುಗನನ್ನು ಅಲ್ಲಿಗೆ ಕಳಿಸಿದರು. ಓದು, ಬರಹ, ಎದುರಿನವರ ತುಟಿ ನೋಡಿ ಮಾತು ಹಿಡಿಯೋದು ಎಲ್ಲ ಅಲ್ಲಿ ಕಲಿತ.

1778ರಲ್ಲಿ, ಹದಿನಾಲ್ಕರ ಸುಮಾರಿಗೆ, ವಾರಿಂಗ್ಟನ್ ಅಕಾಡೆಮಿಗೆ ಸೇರಿದ. ಅದು ಕಿವಿ ಕೇಳುವ ಹುಡುಗರು ಓದುವ ಮಾಮೂಲಿ ವಿದ್ಯಾಲಯ. ಅಲ್ಲಿ ಗಣಿತದಲ್ಲಿ ಎಲ್ಲರಿಗಿಂತ ಮುಂದೆ ಹೋದ. ಅಲ್ಲಿ ಮೂರು ವರ್ಷ ಹೇಗೆ ಕಳೆದ, ಪಕ್ಕದಲ್ಲಿ ಕೂತ ಹುಡುಗರು ಇವನ ಜೊತೆ ಹೇಗೆ ಮಾತಾಡುತ್ತಿದ್ದರು ಅನ್ನೋದೆಲ್ಲ ತಿಳಿಯಬೇಕು ಅಂತ ನನಗೆ ಆಸೆ. ಯಾಕಂದ್ರೆ ನನ್ನ ತಮ್ಮ ಮಾಮೂಲಿ ಶಾಲೆಯಲ್ಲಿ ನಾಲ್ಕನೇ ತರಗತಿ ದಾಟಲಿಲ್ಲ. ಕೊನೇ ಬೆಂಚಿನಲ್ಲಿ ಕೂರಿಸಿದ್ದರು. ತುಟಿ ನೋಡಿ ಕಲಿಯೋನನ್ನು ಕೊನೇ ಬೆಂಚಿನಲ್ಲಿ ಕೂರಿಸಿದರೆ ಅವನು ಏನು ಕಲೀತಾನೆ ನೀವೇ ಹೇಳಿ.

1781ರಲ್ಲಿ ಗುಡ್‌ರಿಕ್ ಯಾರ್ಕ್ ನಗರಕ್ಕೆ ಮನೆಯವರ ಬಳಿ ಬಂದ. ಅವರು ಟ್ರೆಷರರ್ಸ್ ಹೌಸ್ ಎಂಬ ಹಳೇ ದೊಡ್ಡ ಮನೆಯ ಒಂದು ಭಾಗದಲ್ಲಿ ಬಾಡಿಗೆಗಿದ್ದರು. ಮಗ್ಗುಲಲ್ಲೇ ಯಾರ್ಕಿನ ಮಹಾ ಚರ್ಚು. ಅದರ ಗಂಟೆ ಊರಿಗೆಲ್ಲ ಕೇಳುತ್ತೆ, ಗೋಡೆಯಾಚೆ ಇರುವ ಈ ಹುಡುಗನಿಗೆ ಕೇಳಲ್ಲ. ಹೊತ್ತು ಎಷ್ಟಾಯಿತು ಅಂತ ಅವನು ಗಡಿಯಾರ ನೋಡಿಯೇ ತಿಳಿಯಬೇಕು. ಮುಂದೆ ಅವನ ಕೆಲಸವೆಲ್ಲ ಗಡಿಯಾರದ ಮೇಲೇ ನಿಂತಿತು.

ಯಾರ್ಕಿನಲ್ಲೇ ಎಡ್ವರ್ಡ್ ಪಿಗಟ್ ಎಂಬವನಿದ್ದ. ಇವನಿಗಿಂತ ಹನ್ನೊಂದು ವರ್ಷ ದೊಡ್ಡವನು. ತಂದೆ ನಥೇನಿಯಲ್ ಪಿಗಟ್ ಕೂಡ ಆಕಾಶ ನೋಡುವ ಹುಚ್ಚಿನವರೇ, ಮನೆಯಲ್ಲಿ ಒಳ್ಳೇ ದೂರದರ್ಶಕಗಳಿದ್ದವು. ಎಡ್ವರ್ಡ್ ಈ ಹದಿನೇಳರ ಹುಡುಗನನ್ನು ಜೊತೆಗೆ ಹಾಕಿಕೊಂಡ. ಏನು ನೋಡಬೇಕು, ಯಾವ ಪುಸ್ತಕ ಓದಬೇಕು, ಹೇಗೆ ಬರೆದಿಡಬೇಕು ಎಲ್ಲ ತೋರಿಸಿಕೊಟ್ಟ. 1781ರ ನವೆಂಬರಿನಿಂದ ಗುಡ್‌ರಿಕ್ ದಿನಚರಿ ಇಡತೊಡಗಿದ. ಅದೇ ವರ್ಷ ಮಾರ್ಚಿನಲ್ಲಿ ವಿಲಿಯಂ ಹರ್ಷೆಲ್ ಯುರೇನಸ್ ಗ್ರಹ ಕಂಡುಹಿಡಿದಿದ್ದ. ಹರ್ಷೆಲ್ ಅಸಲಿಗೆ ಸಂಗೀತಗಾರ. ಅಂದರೆ ಆಕಾಶದ ಕೆಲಸ ಪ್ರೊಫೆಸರುಗಳಿಗೆ ಮಾತ್ರ ಅನ್ನುವ ಕಾಲ ಅದಲ್ಲ.

ಹೊಳಪು ಬದಲಿಸುವ ನಕ್ಷತ್ರಗಳು ಕೆಲವು ಇವೆ ಅಂತ ಆಗಲೇ ಗೊತ್ತಿತ್ತು. ಆಲ್ಗಾಲ್ ಕೂಡ ಬದಲಾಗುತ್ತೆ ಅಂತ ಇಟಲಿಯ ಮೊಂಟನಾರಿ ಎಂಬ ವಿದ್ವಾಂಸ ನೂರಕ್ಕೂ ಹೆಚ್ಚು ವರ್ಷ ಹಿಂದೆ ಬರೆದಿಟ್ಟಿದ್ದ. ಆದರೆ ಎಷ್ಟು ಹೊತ್ತಿಗೊಮ್ಮೆ, ಯಾವ ನಿಯಮದಲ್ಲಿ ಅಂತ ಯಾರೂ ಕೂತು ನೋಡಿರಲಿಲ್ಲ.

1782ರ ನವೆಂಬರ್ 12ರ ರಾತ್ರಿ ಗುಡ್‌ರಿಕ್ ಆಲ್ಗಾಲ್ ನೋಡಿದ. ಹಿಂದೆ ನೋಡಿದಾಗ ಎರಡನೇ ದರ್ಜೆಯ ಹೊಳಪಿದ್ದದ್ದು ಅವತ್ತು ನಾಲ್ಕನೇ ದರ್ಜೆಯ ಹತ್ತಿರಕ್ಕೆ ಇಳಿದಿತ್ತು. (ನಕ್ಷತ್ರದ ದರ್ಜೆ ವೈರಿನ ಗೇಜ್ ಇದ್ದ ಹಾಗೆ, ನಂಬರ್ ದೊಡ್ಡದಾದಷ್ಟೂ ಸಾಮಾನು ಸಣ್ಣದು.) ಅವನಿಗೆ ನಂಬಿಕೆ ಬರಲಿಲ್ಲ. ತನ್ನ ಕಣ್ಣಿನದೇ ದೋಷ ಇರಬಹುದು, ಗಾಳಿ ಕೆಟ್ಟಿರಬಹುದು ಅಂತ ಅನುಮಾನಪಟ್ಟ. ನನಗೆ ಇವನು ಇಷ್ಟವಾಗಿದ್ದು ಇಲ್ಲೇ ನೋಡ್ರಿ. ಲೈಟ್ ಮಂಕಾಗಿದೆ ಅಂದ ತಕ್ಷಣ ಬಲ್ಬು ಬದಲಿಸೋ ಎಲೆಕ್ಟ್ರಿಷಿಯನ್ ಒಬ್ಬ, ಮೊದಲು ತನ್ನ ಮೀಟರಿನ ಬ್ಯಾಟರಿ ಸರಿ ಇದೆಯಾ ಅಂತ ನೋಡೋ ಎಲೆಕ್ಟ್ರಿಷಿಯನ್ ಇನ್ನೊಬ್ಬ. ಇವನು ಎರಡನೇ ಜಾತಿಯವನು.

ಅವನ ಬಳಿ ಹೊಳಪು ಅಳೆಯೋ ಯಂತ್ರ ಇರಲಿಲ್ಲ. ಆಗ ಅಂಥದ್ದು ಹುಟ್ಟಿಯೇ ಇರಲಿಲ್ಲ. ಅವನು ಮಾಡಿದ್ದು ಹೋಲಿಕೆ. ಆಲ್ಗಾಲ್ ಸುತ್ತಮುತ್ತ ಹೊಳಪು ಬದಲಾಗದ ನಕ್ಷತ್ರಗಳಿವೆ. ಒಂದು ಇದಕ್ಕಿಂತ ಜಾಸ್ತಿ, ಇನ್ನೊಂದು ಇದಕ್ಕಿಂತ ಕಮ್ಮಿ. ಇವೆರಡರ ನಡುವೆ ಆಲ್ಗಾಲ್ ಎಲ್ಲಿ ಕೂರುತ್ತೆ ಅಂತ ನೋಡಿ, ಪಕ್ಕದಲ್ಲಿ ಗಂಟೆ ನಿಮಿಷ ಬರೆಯೋದು. ಇವತ್ತಿಗೂ ಹವ್ಯಾಸಿಗಳು ಬರಿಗಣ್ಣಿನಲ್ಲಿ ಮಾಡೋದು ಇದನ್ನೇ. ಮೇಲಿನದು 2.1, ಕೆಳಗಿನದು 2.9 ಅಂತ ಗೊತ್ತಿದ್ದು, ಆಲ್ಗಾಲ್ ಸರಿಯಾಗಿ ಮಧ್ಯೆ ಕಂಡರೆ 2.5 ಅಂತ ಬರೆಯಬೇಕು. ನಮ್ಮ ಕಣ್ಣಿಗೆ ಒಂದು ದೀಪ ಎಷ್ಟು ಲಕ್ಸ್ ಅಂತ ಹೇಳೋಕೆ ಬರಲ್ಲ, ಆದರೆ ಅಕ್ಕಪಕ್ಕದ ಎರಡು ದೀಪದಲ್ಲಿ ಯಾವುದು ಮಂಕು ಅಂತ ಚೆನ್ನಾಗಿ ಹೇಳುತ್ತೆ. ಒಂದು ಎಚ್ಚರ ಬೇಕು: ಹೋದ ಸಲ ಎಷ್ಟು ಬರೆದಿದ್ದೆ ಅಂತ ನೋಡಿಕೊಂಡು ಈ ಸಲದ್ದು ಬರೆಯಬಾರದು. ಬರೆದರೆ ಕಣ್ಣು ಸುಳ್ಳು ಹೇಳೋಕೆ ಶುರು ಮಾಡುತ್ತೆ.

ಅವತ್ತಿನಿಂದ ಗುಡ್‌ರಿಕ್ ಮತ್ತು ಪಿಗಟ್ ಇಬ್ಬರೂ ಬಿಡದೆ ಕಾದರು. ಯಾರ್ಕಿನ ಚಳಿಗಾಲ ಅಂದರೆ ಮೋಡ, ಮಂಜು. ಡಿಸೆಂಬರ್ 28ರ ಸಂಜೆ ಮತ್ತೆ ಸಿಕ್ಕಿತು. ಕತ್ತಲಾಗುವಾಗ ಮಂಕಾಗಿದ್ದ ನಕ್ಷತ್ರ ಕೆಲವೇ ಗಂಟೆಯಲ್ಲಿ ಅವರ ಕಣ್ಣೆದುರೇ ಮೊದಲಿನ ಹೊಳಪಿಗೆ ಬಂತು. 1783ರ ವಸಂತದ ಹೊತ್ತಿಗೆ ಲೆಕ್ಕ ಕೂಡಿಬಂತು. ಸುಮಾರು 2 ದಿನ 20 ಗಂಟೆ 45 ನಿಮಿಷಕ್ಕೊಮ್ಮೆ ಆಲ್ಗಾಲ್ ಮಂಕಾಗುತ್ತೆ. ಮುಂದೆ ಅದನ್ನು ತಿದ್ದಿ ತಿದ್ದಿ 49 ನಿಮಿಷದ ಹತ್ತಿರಕ್ಕೆ ತಂದ. ಇವತ್ತಿನ ಲೆಕ್ಕವೂ 2 ದಿನ 20 ಗಂಟೆ 49 ನಿಮಿಷವೇ.

ಬರಿಗಣ್ಣಿನಲ್ಲಿ ನಿಮಿಷದ ಲೆಕ್ಕ ಹೇಗೆ ಬಂತು ಅಂತ ನಾನು ಬಹಳ ತಲೆ ಕೆಡಿಸಿಕೊಂಡೆ. ಒಂದು ಸಲ ಅತೀ ಮಂಕಾದ ಕ್ಷಣವನ್ನು ಗುರುತಿಸುವಾಗ ಹತ್ತಿಪ್ಪತ್ತು ನಿಮಿಷ ಹೆಚ್ಚುಕಮ್ಮಿ ಆಗೇ ಆಗುತ್ತೆ. ಆಮೇಲೆ ಐಟಿಐ ಪ್ರಾಕ್ಟಿಕಲ್ ನೆನಪಾಯಿತು. ಹಳೇ ಕರೆಂಟ್ ಮೀಟರಿನೊಳಗೆ ಅಲ್ಯೂಮಿನಿಯಂ ತಟ್ಟೆ ತಿರುಗುತ್ತಿತ್ತಲ್ಲ, ಅದರ ಒಂದು ಸುತ್ತಿನ ಸಮಯ ತೆಗೆಯಬೇಕಾದರೆ ಒಂದೇ ಸುತ್ತು ಅಳೆದರೆ ತಪ್ಪುತ್ತೆ. ಐವತ್ತು ಸುತ್ತು ಎಣಿಸಿ ಐವತ್ತರಿಂದ ಭಾಗಿಸಬೇಕು, ಆಗ ತಪ್ಪೂ ಐವತ್ತು ಭಾಗವಾಗಿ ಸಣ್ಣದಾಗುತ್ತೆ. ಅವನು ಮಾಡಿದ್ದೂ ಇದೇ ಲೆಕ್ಕ. ಬಹಳ ದಿನ ಅಂತರದ ಎರಡು ಮಂಕು ಹಿಡಿದು, ಮಧ್ಯೆ ಎಷ್ಟು ಸುತ್ತು ಆಗಿರಬೇಕು ಅಂತ ಭಾಗಿಸಿದ.

ಯಾಕೆ ಮಂಕಾಗುತ್ತೆ? ನನ್ನ ಕಸುಬಿನಲ್ಲಿ ಇದು ದಿನನಿತ್ಯದ ಪ್ರಶ್ನೆ. ದೀಪ ಮಂಕಾದರೆ ಒಂದೋ ದೀಪದಲ್ಲೇ ಏನೋ ಆಗಿದೆ, ಇಲ್ಲಾಂದ್ರೆ ದೀಪಕ್ಕೂ ನಮಗೂ ನಡುವೆ ಏನೋ ಅಡ್ಡ ಬಂದಿದೆ. ಗುಡ್‌ರಿಕ್ ಈ ಎರಡನ್ನೂ ಬರೆದ. ನಕ್ಷತ್ರದ ಮೈಮೇಲೆ ಕಪ್ಪು ಕಲೆಗಳಿದ್ದು ಅದು ತಿರುಗುವಾಗ ಕಲೆ ನಮ್ಮ ಕಡೆ ಬರಬಹುದು. ಅಥವಾ ಒಂದು ಕತ್ತಲೆಯ ಕಾಯ ಅದರ ಸುತ್ತ ತಿರುಗುತ್ತ ಅಡ್ಡ ಬರಬಹುದು, ಅಂದರೆ ಗ್ರಹಣ. ಗ್ರಹಣದ ಯೋಚನೆ ಮೊದಲು ಹೊಳೆದದ್ದು ಪಿಗಟ್‌ಗೆ ಇರಬೇಕು ಅಂತ ಅವರ ಟಿಪ್ಪಣಿ ನೋಡಿದವರು ಹೇಳುತ್ತಾರೆ. ಆದರೂ ಪಿಗಟ್ ಹಿಂದೆ ಸರಿದು ನಿಂತು, ಆಲ್ಗಾಲ್ ಕೀರ್ತಿ ಪೂರ್ತಿ ಹುಡುಗನಿಗೇ ಬಿಟ್ಟುಕೊಟ್ಟ. ನಮ್ಮ ಸೈಟುಗಳಲ್ಲಿ ಹೆಲ್ಪರ್ ಮಾಡಿದ ಕೆಲಸಕ್ಕೆ ಫೋರ್‌ಮನ್ ಹೆಸರು ಬೀಳೋದು ನೋಡಿ ನೋಡಿ ಸಾಕಾದ ನನಗೆ ಪಿಗಟ್ ಗುಡ್‌ರಿಕ್‌ನಷ್ಟೇ ದೊಡ್ಡವನಾಗಿ ಕಾಣ್ತಾನೆ.

1783ರ ಮೇ ತಿಂಗಳಲ್ಲಿ ಈ ಬರಹವನ್ನು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಓದಲಾಯಿತು. ಅದೇ ವರ್ಷ ಆ ಸೊಸೈಟಿ ತನ್ನ ಅತಿ ದೊಡ್ಡ ಗೌರವವಾದ ಕಾಪ್ಲಿ ಪದಕವನ್ನು ಅವನಿಗೆ ಕೊಟ್ಟಿತು. ಆಗ ಅವನಿಗೆ ವಯಸ್ಸು ಹತ್ತೊಂಬತ್ತು.

ಗ್ರಹಣದ ಮಾತು ನಿಜ ಅಂತ ಸಾಬೀತಾಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1889ರಲ್ಲಿ ಜರ್ಮನಿಯ ಪೋಟ್ಸ್‌ಡಾಮಿನಲ್ಲಿ ಫೋಗೆಲ್ ಎಂಬ ವಿಜ್ಞಾನಿ ಆಲ್ಗಾಲಿನ ಬೆಳಕನ್ನು ಬಣ್ಣಬಣ್ಣವಾಗಿ ಒಡೆದು ನೋಡಿ, ಅದು ಒಂದು ಜೊತೆಗಾರನೊಂದಿಗೆ ಸುತ್ತುತ್ತಿದೆ ಅಂತ ತೋರಿಸಿದ. ಪ್ರಕಾಶ ಕಮ್ಮಿ ಇರುವ ನಕ್ಷತ್ರ ಪ್ರಕಾಶ ಹೆಚ್ಚಿರುವುದರ ಮುಂದೆ ಬಂದಾಗ ಹೊಳಪು 2.1ರಿಂದ 3.4ಕ್ಕೆ ಇಳಿಯುತ್ತೆ. ಇಳಿದು ಏರೋದಕ್ಕೆ ಒಟ್ಟು ಸುಮಾರು ಹತ್ತು ಗಂಟೆ.

ಪದಕ ಬಂದಮೇಲೂ ಹುಡುಗ ಕಿಟಕಿ ಬಿಡಲಿಲ್ಲ. 1784ರ ಸೆಪ್ಟೆಂಬರ್ 10ರ ರಾತ್ರಿ ಇಬ್ಬರಿಗೂ ಒಂದೊಂದು ಹೊಸ ಬೇಟೆ. ಪಿಗಟ್ ಗರುಡ ಪುಂಜದ ಈಟಾ ನಕ್ಷತ್ರ ಬದಲಾಗುತ್ತೆ ಅಂತ ಹಿಡಿದ, ಗುಡ್‌ರಿಕ್ ವೀಣಾ ಪುಂಜದ ಬೀಟಾ ಹಿಡಿದ. ಈ ಬೀಟಾ ವಿಷಯದಲ್ಲಿ ಅವನು ಮೊದಲು 6 ದಿನ 9 ಗಂಟೆ ಅಂತ ಲೆಕ್ಕ ಹಾಕಿದ. ಆಮೇಲೆ ನೋಡಿದರೆ ಒಂದು ಸಲ ಜಾಸ್ತಿ ಮಂಕು, ಮುಂದಿನ ಸಲ ಕಮ್ಮಿ ಮಂಕು. ಹಾಗಾದರೆ ಎರಡು ಸೇರಿದರೆ ಒಂದು ಸುತ್ತು ಅಂತ ತನ್ನ ಲೆಕ್ಕ ತಾನೇ ತಿದ್ದಿ 12 ದಿನ 19 ಗಂಟೆ ಅಂತ ಬರೆದ. ಇವತ್ತಿನ ಅಳತೆ 12 ದಿನ 22 ಗಂಟೆ.

ಮರುತಿಂಗಳು ಸಿಕ್ಕಿದ್ದೇ ದೊಡ್ಡದು, ಆದರೆ ಎಷ್ಟು ದೊಡ್ಡದು ಅಂತ ಅವನಿಗೂ ಗೊತ್ತಾಗಲಿಲ್ಲ. ಸೀಫಿಯಸ್ ಪುಂಜದ, ಅಂದರೆ ಕನ್ನಡದ ಯುಧಿಷ್ಠಿರ ಪುಂಜದ ಡೆಲ್ಟಾ ಎಂಬ ನಕ್ಷತ್ರ. 1784ರ ಅಕ್ಟೋಬರಿನಿಂದ ಹಿಂದೆ ಬಿದ್ದ. 5 ದಿನ 8 ಗಂಟೆ 37 ನಿಮಿಷಕ್ಕೊಮ್ಮೆ ಇದರ ಹೊಳಪು ಏರಿ ಇಳಿಯುತ್ತೆ ಅಂತ ತೆಗೆದ. ಇವತ್ತಿನ ಲೆಕ್ಕಕ್ಕೂ ಅದಕ್ಕೂ ಹತ್ತೇ ನಿಮಿಷ ವ್ಯತ್ಯಾಸ. ಆಲ್ಗಾಲ್ ಥರ ಇದು ಹೆಚ್ಚು ಹೊತ್ತು ಒಂದೇ ಸಮ ಇದ್ದು ಆಮೇಲೆ ಮಂಕಾಗಲ್ಲ. ಒಂದೂವರೆ ದಿನದಲ್ಲಿ ಸರಸರ ಏರುತ್ತೆ, ನಾಲ್ಕು ದಿನ ನಿಧಾನಕ್ಕೆ ಇಳಿಯುತ್ತೆ. ಇಲ್ಲಿ ಅಡ್ಡ ಬರೋರು ಯಾರೂ ಇಲ್ಲ, ದೀಪವೇ ಉಬ್ಬಿ ಕುಗ್ಗುತ್ತೆ. ಒಳಗಿನ ಹೀಲಿಯಂ ಪದರ ಒತ್ತಡ ಬಿದ್ದಾಗ ಬೆಳಕನ್ನು ತಡೆದು ಹಿಡಿಯುತ್ತೆ, ಶಾಖ ತುಂಬಿ ಉಬ್ಬುತ್ತೆ, ಉಬ್ಬಿದಾಗ ಬಿಡುತ್ತೆ, ಮತ್ತೆ ಕುಸಿಯುತ್ತೆ. ಕಂಪ್ರೆಸರಿನ ಪ್ರೆಷರ್ ಸ್ವಿಚ್ ಕಟ್ ಇನ್, ಕಟ್ ಔಟ್ ಆಗುತ್ತಲ್ಲ, ಸುಮಾರಾಗಿ ಹಾಗೆ.

ಈ ಜಾತಿಯ ನಕ್ಷತ್ರಗಳಿಗೆ ಡೆಲ್ಟಾದಿಂದಲೇ ಸೀಫಿಯಿಡ್ ಅಂತ ಹೆಸರಾಯಿತು. ನೂರಿಪ್ಪತ್ತು ವರ್ಷ ದಾಟಿದ ಮೇಲೆ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಹೆನ್ರಿಯೆಟಾ ಲೆವಿಟ್ ಎಂಬ ಹೆಣ್ಣುಮಗಳು ಗಂಟೆಗೆ 30 ಸೆಂಟ್ ಕೂಲಿಗೆ ಫೋಟೋ ಗಾಜುಗಳ ಮೇಲಿನ ಚುಕ್ಕೆ ಅಳೆಯುತ್ತಿದ್ದರು. ಸೀಫಿಯಿಡ್ ನಿಧಾನವಾದಷ್ಟೂ ಅದರ ನಿಜವಾದ ಪ್ರಕಾಶ ಹೆಚ್ಚು ಅಂತ 1912ರಲ್ಲಿ ಅವರು ತೋರಿಸಿದರು. ಅಂದರೆ ಬಲ್ಬಿನ ವ್ಯಾಟ್ ಎಷ್ಟು ಅಂತ ಗೊತ್ತಾದ ಹಾಗಾಯಿತು. ವ್ಯಾಟ್ ಗೊತ್ತಿದ್ದರೆ, ಇಲ್ಲಿಗೆ ಎಷ್ಟು ಮಂಕಾಗಿ ಕಾಣುತ್ತೆ ಅಂತ ನೋಡಿ ದೂರ ಹೇಳಬಹುದು. ಎರಡರಷ್ಟು ದೂರ ಹೋದರೆ ಬೆಳಕು ಕಾಲು ಭಾಗ. 1923ರಲ್ಲಿ ಹಬಲ್ ಆಂಡ್ರೊಮಿಡಾದಲ್ಲಿ ಇಂಥದ್ದೇ ಒಂದು ನಕ್ಷತ್ರ ಹಿಡಿದು, ಅದು ನಮ್ಮ ಆಕಾಶಗಂಗೆಯ ಹೊರಗಿರುವ ಬೇರೆಯದೇ ಗ್ಯಾಲಕ್ಸಿ ಅಂತ ತೋರಿಸಿದ. ಲೆವಿಟ್ ಅದನ್ನು ನೋಡಲಿಲ್ಲ, 1921ರಲ್ಲೇ ತೀರಿಕೊಂಡಿದ್ದರು. ಇದನ್ನು ಓದುವಾಗ ನಾನು ಕುರ್ಚಿಯಿಂದ ಎದ್ದು ನಿಂತೆ: ಲೆವಿಟ್ ಅವರಿಗೂ ಕಿವಿ ಕೇಳುತ್ತಿರಲಿಲ್ಲ.

ಗುಡ್‌ರಿಕ್ ಕತೆಯಲ್ಲಿ ಇನ್ನು ಉಳಿದಿರೋದು ಸ್ವಲ್ಪವೇ. 1786ರ ಏಪ್ರಿಲ್ 16ರಂದು ಅವನನ್ನು ರಾಯಲ್ ಸೊಸೈಟಿಯ ಫೆಲೋ ಅಂತ ಆರಿಸಿದರು. ಏಪ್ರಿಲ್ 20ಕ್ಕೆ ಯಾರ್ಕಿನಲ್ಲಿ ತೀರಿಹೋದ. ಸುದ್ದಿ ಅವನಿಗೆ ಮುಟ್ಟಿರಲಿಲ್ಲ. ಶ್ವಾಸಕೋಶಕ್ಕೆ ಶೀತ ಇಳಿದಿತ್ತು. ರಾತ್ರಿಯೆಲ್ಲ ಚಳಿಯಲ್ಲಿ ನಕ್ಷತ್ರ ನೋಡಿದ್ದಕ್ಕೇ ಸತ್ತ ಅಂತ ಹೇಳುವ ರೂಢಿ ಇದೆ. ನನಗೆ ಆ ಮಾತು ಹಿಡಿಸಲ್ಲ. ಆ ಕಾಲದಲ್ಲಿ ನಕ್ಷತ್ರ ನೋಡದವರೂ ಇಪ್ಪತ್ತೊಂದಕ್ಕೆ ನ್ಯುಮೋನಿಯಾದಲ್ಲಿ ಸಾಯುತ್ತಿದ್ದರು. ಹನ್ಸಿಂಗೋರ್ ಎಂಬ ಹಳ್ಳಿಯಲ್ಲಿ ಮನೆತನದ ಸಮಾಧಿಯಲ್ಲಿ ಅವನನ್ನು ಮಣ್ಣು ಮಾಡಿದರು. ಪಿಗಟ್ ಆಮೇಲೂ ಬಹಳ ವರ್ಷ ಬದುಕಿದ್ದ, ಇನ್ನೂ ಎರಡು ಚಂಚಲ ತಾರೆಗಳನ್ನು ಹಿಡಿದ. ಇವತ್ತು ಯಾರ್ಕ್ ವಿಶ್ವವಿದ್ಯಾಲಯದ ಒಂದು ಕಾಲೇಜಿಗೆ ಗುಡ್‌ರಿಕ್ ಹೆಸರಿದೆ.

ಈಗ ತಮ್ಮನ ವಿಷಯ. ಅವನು ರಾಣೆಬೆನ್ನೂರಿನಲ್ಲಿ ಮೋಟಾರ್ ವೈಂಡಿಂಗ್ ಮಾಡ್ತಾನೆ. ಬೋರ್‌ವೆಲ್ ಮೋಟಾರ್ ಸುಟ್ಟರೆ ಸುತ್ತಲ ರೈತರು ಅವನ ಹತ್ತಿರಾನೇ ತರ್ತಾರೆ. ಸುತ್ತು ಎಣಿಸೋದರಲ್ಲಿ ಅವನು ಒಂದು ಸುತ್ತೂ ತಪ್ಪಲ್ಲ. ಹೋದ ವರ್ಷ ರಜೆಗೆ ಹೋದಾಗ ಗುಡ್‌ರಿಕ್ ಕತೆ ಹೇಳೋಣ ಅಂತ ಕೂತೆ. ನನಗೆ ಬರುವ ಕೈಸನ್ನೆ ಮನೆ, ಊಟ, ದುಡ್ಡು, ಅವ್ವನ ಮಾತ್ರೆ, ಇಷ್ಟಕ್ಕೆ ಮುಗಿಯುತ್ತೆ. ಇಪ್ಪತ್ತೈದು ವರ್ಷ ಒಂದೇ ಸೂರಿನಡಿ ಬೆಳೆದು ನಾನು ಅವನ ಭಾಷೆ ಕಲಿತದ್ದು ಅಷ್ಟೇ. ನಾಚಿಕೆ ಆಯಿತು. ಕೊನೆಗೆ ಒಂದು ನೋಟ್‌ಬುಕ್ಕಿನಲ್ಲಿ ಸಣ್ಣ ಸಣ್ಣ ವಾಕ್ಯ ಮಾಡಿ ಬರೆದುಕೊಟ್ಟೆ. ಅವನು ಓದಿದ, ಎರಡು ಸಲ ಓದಿದ, ಕಿವಿ ಮುಟ್ಟಿಕೊಂಡು ನಿಜಾನಾ ಅಂತ ಕೇಳಿದ.

ಅವತ್ತು ರಾತ್ರಿ ತಾರಸಿಗೆ ಹೋದೆವು. ಮಂಕಾಗುವ ಹೊತ್ತು ನಾನು ಮೊದಲೇ ಲೆಕ್ಕ ಹಾಕಿದ್ದೆ, ಅವನಿಗೆ ಹೇಳಲಿಲ್ಲ. ಆಲ್ಗಾಲ್ ತೋರಿಸಿ, ಹೋಲಿಕೆಗೆ ಎರಡು ನಕ್ಷತ್ರ ತೋರಿಸಿ ಸುಮ್ಮನೆ ಕೂತೆ. ಅರ್ಧ ಗಂಟೆ ಕಳೆದಿರಬಹುದು, ನನ್ನ ಮೊಣಕೈ ತಿವಿದು ಬಿಚ್ಚಿದ ಬೆರಳುಗಳನ್ನು ಮೆಲ್ಲಗೆ ಮುಚ್ಚಿ ತೋರಿಸಿದ. ಮೋಟಾರ್ ಲೋಡ್ ಬಿದ್ದಾಗ ಅಂಗಡಿಯ ಬಲ್ಬು ಮಂಕಾಗುತ್ತಲ್ಲ, ಅದಕ್ಕೆ ಅವನು ಮಾಡುವ ಸನ್ನೆ ಅದು. ನನಗೆ ಆಗಿನ್ನೂ ಏನೂ ವ್ಯತ್ಯಾಸ ಕಂಡಿರಲಿಲ್ಲ.

ಈಗ ಅವನದೂ ಒಂದು ನೋಟ್‌ಬುಕ್ ಇದೆ. ಮೋಡ ಇದ್ದ ದಿನ ಮೋಡ ಅಂತಲೇ ಬರೀತಾನೆ, ಬಿಟ್ಟುಬಿಡಲ್ಲ. ಮಂಕಾಗುವ ರಾತ್ರಿ ಅವನು ಅಲ್ಲಿ, ನಾನು ಇಲ್ಲಿ ನೋಡಿ, ಬೆಳಿಗ್ಗೆ ವಾಟ್ಸಾಪಿನಲ್ಲಿ ಪುಟದ ಫೋಟೋ ಬದಲಾಯಿಸಿಕೊಳ್ತೀವಿ. ಈ ಡಿಸೆಂಬರಿನಲ್ಲಿ ಒಂದು ರಾತ್ರಿ ಅತೀ ಮಂಕಾದದ್ದು 9.40ಕ್ಕೆ ಅಂತ ಅವನು ಬರೆದಿದ್ದ. ಒಂದೂವರೆ ಗಂಟೆ ಕಳೆದರೆ ನಮ್ಮ ಒಮಾನಿನ 8.10. ನನ್ನ ಪುಟದಲ್ಲಿ 8.25 ಇತ್ತು. ಹದಿನೈದು ನಿಮಿಷದ ವ್ಯತ್ಯಾಸ ಯಾರ ತಪ್ಪು ಅಂತ ಒಂದು ವಾರ ಜಗಳ ಆಡಿದೆವು. ಕೊನೆಗೆ ಕೋಷ್ಟಕ ತೆಗೆದು ನೋಡಿದರೆ ಅವನದೇ ಹತ್ತಿರ ಇತ್ತು. ಕ್ಯಾಂಪಿನ ಗೇಟಿನ ಫ್ಲಡ್‌ಲೈಟು ನನ್ನ ಕಣ್ಣಿಗೆ ಹೊಡೀತಿತ್ತು ಅಂತ ನಾನು ಬರೆದು ಕಳಿಸಿದೆ. ಹಾಗಾದರೆ ಜಾಗ ಬದಲಿಸು ಅಂತ ಅವನಿಂದ ಉತ್ತರ ಬಂತು.